ನಾಯಿ ಬೆಕ್ಕುಗಳ ಗೃಹಪ್ರವೇಶ

ಪಶು ಆಸ್ಪತ್ರೆಯ ಕಾಂಪೌಂಡರ್ ಅಂದಮೇಲೆ ದನದ ಜ್ವರ, ಕುರಿಯ ಕೆಮ್ಮು ನೋಡುವುದು ಇದ್ದದ್ದೇ. ಆದರೆ ನಮ್ಮ ಕಡೆ ಯಾರಾದರೂ ಮನೆ ಬದಲಾಯಿಸಿದರೆ ಸಾಕು, ವಾರದೊಳಗೆ ನಾಯಿಯನ್ನೋ ಬೆಕ್ಕನ್ನೋ ಹಿಡಿದುಕೊಂಡು ನನ್ನ ಮುಂದೆ ನಿಲ್ಲುತ್ತಾರೆ. ಹೊಸ ಮನೆಗೆ ಒಗ್ಗದಿರುವುದಕ್ಕೆ ಔಷಧಿ ನಮ್ಮ ಬೀರುವಿನಲ್ಲಿಲ್ಲ. ಹೋದ ವರ್ಷ ನಾವೂ ಕಿಬ್ಬನಹಳ್ಳಿಯ ಬಾಡಿಗೆ ಮನೆ ಬಿಟ್ಟು ತಿಪಟೂರಿನ ಸ್ವಂತ ಮನೆಗೆ ಹೋಗುವುದಿತ್ತು. ನಮ್ಮದೂ ಒಂದು ನಾಯಿ ಇದೆ, ಅಮ್ಮನಿಗೆ ಅದೆಂದರೆ ಜೀವ. ನಾನು ಸಂಜೆ ಬಂದು ಇಂಥ ಪ್ರಸಂಗ ಹೇಳಿದಾಗಲೆಲ್ಲ ಅಮ್ಮ ನಗುತ್ತಿರಲಿಲ್ಲ. "ನಮ್ಮದು ಹೊಂದ್ಕೊಳ್ತದೇನಪ್ಪ?" ಎಂದು ಕೇಳುತ್ತಿದ್ದಳು.

ದಾರಿ ಮರೆಸಿದ್ದು

ಹುಳಿಯಾರಿನ ಕಡೆಯ ತೋಟದವರೊಬ್ಬರು ಹೆಂಚಿನ ಮನೆ ಬಿಟ್ಟು ತಾರಸಿ ಮನೆ ಕಟ್ಟಿಸಿದರು. ಹಳೆಯ ಮನೆಯ ಅಟ್ಟದಲ್ಲಿ ಕೊಬ್ಬರಿಯಾಗಲೆಂದು ಹಾಕಿದ ಕಾಯಿ ರಾಶಿ, ಅದರ ಮೇಲೆ ಇಲಿ ಕಾಯುವ ಬೆಕ್ಕು. ಬೆಕ್ಕಿಗೆ ದಾರಿ ಮರೆತುಹೋಗಲಿ ಎಂದು ಅದನ್ನು ಚೀಲಕ್ಕೆ ಹಾಕಿ, ಬೈಕಿನಲ್ಲಿ ಹಂದನಕೆರೆಯವರೆಗೂ ಸುತ್ತಾಡಿಸಿ ಹೊಸ ಮನೆಯಲ್ಲಿ ತಂದು ಬಿಟ್ಟರು. ಸಂಜೆಗೆ ಅದು ಹಳೆಯ ಅಟ್ಟದಲ್ಲಿತ್ತು. ಹೀಗೆ ಮೂರು ಸಲ ಆಯಿತು. ಎರಡು ಮನೆಗೂ ಎಷ್ಟು ದೂರ ಎಂದು ವಿಚಾರಿಸಿದೆ. "ದೂರ ಏನಿಲ್ಲ ಕಣ್ರೀ, ನಡೆದ್ರೆ ಎರಡು ತೋಟ ದಾಟಬೇಕು," ಎಂದರು.

ಹುಟ್ಟಿದಾಗಿನಿಂದ ಆ ತೋಟಗಳಲ್ಲಿ ಓಡಾಡಿದ ಬೆಕ್ಕು ಅದು. ಅದಕ್ಕೆ ಬೇಕಿರುವುದು ಆ ಅಟ್ಟದ ವಾಸನೆ, ಒಂದಿಷ್ಟು ಕಾಯಿ ತಂದು ಹೊಸ ಮನೆಯ ಮೂಲೆಯಲ್ಲಿ ಹಾಕಿ ನೋಡಿ ಎಂದೆ. ತಿಂಗಳ ಮೇಲೆ ಆ ದಾರಿಯಲ್ಲಿ ಹೋದಾಗ ಬಗ್ಗಿ ನೋಡಿದೆ. ಹಾಲ್ ತುಂಬ ಕಾಯಿ, ಕಾಯಿಯ ಮೇಲೆ ಬೆಕ್ಕು. ಮನೆಯವರೆಲ್ಲ ಹೊಸ ಸೋಫಾ ಸಮೇತ ಜಗಲಿಯಲ್ಲಿದ್ದರು.

ಮೇಲೆ ನೋಡುವ ಕಾಯಿಲೆ

ತುರುವೇಕೆರೆ ಕಡೆಯ ತೋಟದ ಮನೆಯಿಂದ ತಿಪಟೂರಿನ ಬಡಾವಣೆಗೆ ಬಂದ ಹೆಂಗಸೊಬ್ಬರು ನಾಯಿ ಕರೆತಂದರು. ರಸ್ತೆಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಂತು ಆಕಾಶ ನೋಡುತ್ತದೆ, ಲೈಟು ಕಂಬ ಕಂಡರೆ ದೂರ ಸರಿದು ಹೋಗುತ್ತದೆ, ಕಣ್ಣಿಗೇನೋ ಆಗಿದೆ ಎಂದರು. ಕಣ್ಣು ಚೆನ್ನಾಗಿಯೇ ಇತ್ತು. ಜನ್ಮವೆಲ್ಲ ತೆಂಗಿನ ಮರದ ಕೆಳಗೆ ಬದುಕಿದ ಜೀವ, ತಲೆಯ ಮೇಲೆ ಕಾಯಿ ಬಿದ್ದೀತೆಂಬ ಭಯ ಒಂದು ದಿನದಲ್ಲಿ ಹೋಗುವುದಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆಸಿ, ಗದರಬೇಡಿ, ತಾನಾಗಿ ಧೈರ್ಯ ಬರುತ್ತದೆ ಎಂದು ಹೇಳಿದೆ.

ಆಕೆ ಬಾಗಿಲವರೆಗೆ ಹೋಗಿ ತಿರುಗಿ ಬಂದು ದನಿ ತಗ್ಗಿಸಿದರು. "ನಮ್ಮೆಜಮಾನ್ರೂ ಹಿಂಗೇ ಮೇಲೆ ನೋಡ್ಕಂಡೇ ನಡೀತಾರೆ. ಇಬ್ರನ್ನೂ ಒಟ್ಟಿಗೇ ನಡೆಸ್ಲಾ?"

ಸೋಮವಾರದ ಉಪವಾಸ

ಕೊನೆಗೆ ನಮ್ಮ ಸರದಿ ಬಂತು. ನಮ್ಮದು ಶಿವಪೂಜೆಯ ಮನೆ, ಮಾಂಸ ಮೊಟ್ಟೆ ಒಳಗೆ ಬರುವುದಿಲ್ಲ. ನಾಯಿಗೂ ಮಜ್ಜಿಗೆ ಕಲಸಿದ ಮುದ್ದೆಯೇ. ಅದಂತೂ ಸೋಮವಾರ ಏನಿಟ್ಟರೂ ಮುಟ್ಟುತ್ತಿರಲಿಲ್ಲ. ಶಿವನ ವಾರ ಅದಕ್ಕೂ ಗೊತ್ತು, ಹೋದ ಜನ್ಮದಲ್ಲಿ ಯಾವ ಶರಣನೋ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು.

ಹೊಸ ಮನೆಗೆ ಬಂದಮೇಲೆ ಅದಕ್ಕೆ ಎಲ್ಲ ವಾರವೂ ಸೋಮವಾರವಾಯಿತು. ಹಳೆಯ ಗೋಣಿಚೀಲ ಹಾಸಿದೆ, ಹಳೆಯ ತಟ್ಟೆಯಲ್ಲೇ ಇಟ್ಟೆ, ಪಕ್ಕದಲ್ಲಿ ಕೂತು ಸವರಿದೆ. ಊರಿಗೆಲ್ಲ ಹೇಳಿದ ಬುದ್ಧಿ ಒಂದೂ ನನ್ನ ಮನೆಯಲ್ಲಿ ನಡೆಯಲಿಲ್ಲ. ಮೂರನೆಯ ದಿನ ಅಮ್ಮನೂ ತಟ್ಟೆ ಸರಿಸಿದಳು. ಅದು ಉಣ್ಣುವವರೆಗೆ ತನಗೂ ಬೇಡವಂತೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅವತ್ತೇ ಕಿಬ್ಬನಹಳ್ಳಿಯ ಪಕ್ಕದ ಮನೆಯಾಕೆ ಹೊಸ ಮನೆ ನೋಡಲು ಬಂದರು. ಮಲಗಿದ್ದ ನಾಯಿ ಎದ್ದು ಓಡಿಹೋಗಿ ಅವರ ಕೈಚೀಲಕ್ಕೆ ಮೂತಿ ತೂರಿಸಿತು. ಅಮ್ಮ ಕಣ್ಣೊರೆಸಿಕೊಂಡು ಇದ್ದ ಸಂಗತಿ ಹೇಳಿದಳು. ಆಕೆ ಕೈಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ತಪ್ಪು ತಿಳೀಬೇಡಿ ಅಮ್ಮ. ಬರೀ ಮಜ್ಜಿಗೆ ಮುದ್ದೇನ ಅದು ಯಾವತ್ತೂ ಮುಟ್ತಿರಲಿಲ್ಲ. ಗೋಡೆ ಮೇಲಿಂದ ನಾನೇ ದಿನಾ ಅದರ ತಟ್ಟೆಗೆ ಒಂದು ಸೌಟು ಒಣಮೀನಿನ ಸಾರು ಬುಡ್ತಿದ್ದೆ. ಭಾನುವಾರ ಮಾತ್ರ ಮಟನ್ನು, ಹೊಟ್ಟೆ ಬಿರಿಯಂಗೆ."

ಭಾನುವಾರ ಅಷ್ಟು ತಿಂದಮೇಲೆ ಸೋಮವಾರ ಹಸಿವೆಲ್ಲಿಂದ ಬರಬೇಕು? ಏಳು ವರ್ಷದ ಉಪವಾಸದ ಗುಟ್ಟು ನನಗೆ ಹೊಳೆಯಿತು, ಅಮ್ಮನಿಗೂ ಹೊಳೆಯಿತು. ಅಮ್ಮ ಎದ್ದು ದೇವರ ಕೋಣೆಗೆ ಹೋದಳು. ನಾಯಿಯನ್ನು ಆಕೆಗೇ ಕೊಟ್ಟು ಕಳಿಸಿಬಿಡುತ್ತಾಳೆ ಎಂದುಕೊಂಡೆ. ಹೊರಗೆ ಬಂದಾಗ ಅಮ್ಮನ ಹಣೆಯಲ್ಲಿ ಹೊಸದಾಗಿ ಬಳಿದ ವಿಭೂತಿ ಇತ್ತು.

"ಭಾನುವಾರ ಬಸ್ಸಿಗೆ ಬತ್ತಾ ಇರು ಕಣವ್ವ," ಎಂದಳು ಆಕೆಗೆ. "ಹಿತ್ತಲ ಬಾಗಿಲಲ್ಲಿ ಬಾ, ಆ ಹೊತ್ತಿಗೆ ನಾನು ಗುಡಿಗೆ ಹೋಗಿರ್ತೀನಿ. ಹೊಟ್ಟೆ ತುಂಬಾನೇ ಹಾಕು, ಮಿಕ್ಕ ದಿನಕ್ಕೆ ಒಣಮೀನು ಹಿತ್ತಲಲ್ಲೇ ಇಟ್ಟು ಹೋಗು. ಪಾಪ, ಇಷ್ಟು ವರ್ಷ ಮಾಡ್ಕಂಡು ಬಂದಿರೋ ಸೋಮವಾರದ ಉಪವಾಸ ಕೆಡಬಾರದು."