ಮೈಟರಿನ ಹುಟ್ಟು

ಮರಗೆಲಸದ ಮೇಷ್ಟರಿಗೆ ಆ ದಿನ ಶನಿ ವಕ್ಕರಿಸಿದ್ದು ಒಂದು ಪ್ರಶ್ನೆಯ ರೂಪದಲ್ಲಿ. ಕನ್ನಡಿಯ ಚೌಕಟ್ಟಿಗೆಂದು ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿ ಕೊಯ್ದು, ಮೂಲೆಯಲ್ಲಿ ಸೂಜಿಯೂ ತೂರದಂತೆ ಕೂಡಿಸಿ, ಇದಕ್ಕೆ ಮೈಟರ್ ಅನ್ನುತ್ತಾರೆ ಎಂದು ತರಬೇತಿ ಶಾಲೆಯ ತರಗತಿಗೆ ತೋರಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಅಂಚೆ ಅಜ್ಜ ಎದ್ದು ನಿಂತ. ನಲವತ್ತು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತನಾಗಿ, ಮನೆಯಲ್ಲಿ ಕೂತರೆ ಹೆಂಡತಿ ತರಕಾರಿ ಹೆಚ್ಚಲು ಕೂರಿಸುತ್ತಾಳೆಂದು ಮರಗೆಲಸ ಕಲಿಯಲು ಸೇರಿದ್ದ ಮನುಷ್ಯ.

"ಮೈಟರ್ ಅಂತ ಯಾಕಂತಾರೆ ಮೇಷ್ಟ್ರೇ?"

ಇಪ್ಪತ್ತೆರಡು ವರ್ಷದಿಂದ ಮೈಟರ್ ಕೊಯ್ಯುತ್ತಿದ್ದ ಮೇಷ್ಟರಿಗೆ ಈ ಸಂಶಯ ಒಮ್ಮೆಯೂ ಬಂದಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಂದು ಮಧ್ಯಾಹ್ನವೇ ತಪಾಸಣೆಯ ಮೇಡಂ ಬಂದು, ಕುರ್ಚಿಯ ಮೇಲೆ ಕೂತು ಪಾಠ ಹೇಳುವ ಹೊಸ ಹುದ್ದೆಗೆ ಒಬ್ಬರನ್ನು ಆರಿಸುವವರಿದ್ದರು. ನೋಯುವ ಸೊಂಟ ಹಿಡಿದುಕೊಂಡು ಆ ಕುರ್ಚಿಯ ಕನಸು ಕಾಣುತ್ತಿದ್ದ ಮೇಷ್ಟರ ಬಾಯಿಂದ ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು.

"ಮಿತ್ರ ಅನ್ನೋದೇ ಮೈಟರ್ ಆಗಿದ್ದು. ಎರಡು ಮರ ಮಿತ್ರರ ಹಾಗೆ ತಬ್ಕೊಳ್ತವಲ್ಲ, ಅದಕ್ಕೆ."

ಅಜ್ಜ ತಲೆದೂಗಿದ. ಬಿಡುವಿನ ಹೊತ್ತಿನಲ್ಲಿ ಅವನ ಹಳೆಯ ಕಾಲುಗಳು ಸುಮ್ಮನಿರಲಿಲ್ಲ. ಕಚೇರಿ, ಕಮ್ಮಾರರ ಕೊಠಡಿ, ಹೊಲಿಗೆ ಕೋಣೆ, ಒಂದು ಬಾಗಿಲನ್ನೂ ಬಿಡದೆ ಮಿತ್ರನನ್ನು ಬಟವಾಡೆ ಮಾಡಿ ಬಂದ. ಹನ್ನೆರಡಕ್ಕೆ ಪ್ರಿನ್ಸಿಪಾಲರು ಮೇಷ್ಟರನ್ನು ಕರೆಸಿ ಬೆನ್ನು ತಟ್ಟಿದರು. ಇಂಥ ವಿದ್ವತ್ತು ಇಟ್ಟುಕೊಂಡು ಮರದ ಹೊಟ್ಟಿನಲ್ಲಿ ಬಿದ್ದಿದ್ದೀರಲ್ಲ, ಮೂರು ಗಂಟೆಗೆ ಮೇಡಂ ಎದುರು ಇದನ್ನೇ ಹೇಳಿ, ಕುರ್ಚಿ ನಿಮ್ಮದೇ ಎಂದರು.

ಮೇಷ್ಟರು ಗಾಳಿಯಲ್ಲಿ ತೇಲುತ್ತ ಹೊರಬಂದರೆ ಹೊಲಿಗೆ ಟೀಚರ್ ಅಡ್ಡಗಟ್ಟಿದರು. ಮೈಟರ್ ಎಂದರೆ ಬಿಷಪ್ಪರು ತಲೆಗಿಡುವ ಎತ್ತರದ ಟೋಪಿಯಂತೆ. ಮುಂದೊಂದು ಹಿಂದೊಂದು ಚೂಪು ತುದಿಯಂತೆ. ಸ್ವತಃ ಎರಡು ಹೊಲಿದುಕೊಟ್ಟಿದ್ದರಂತೆ.

"ನಿಮ್ಮ ಮಿತ್ರ ಅವರ ತಲೆ ಮೇಲೆ ಹೇಗೆ ಹತ್ತಿದ, ಅದನ್ನೂ ಸ್ವಲ್ಪ ಹೇಳ್ಬಿಡಿ," ಎಂದು ನಕ್ಕರು.

ಮೇಷ್ಟರು ಊಟ ಬಿಟ್ಟು ಗ್ರಂಥಾಲಯಕ್ಕೆ ಓಡಿ, ದಿಂಬಿನಷ್ಟು ದಪ್ಪದ ನಿಘಂಟನ್ನು ಕೆಳಗಿಳಿಸಿದರು. ಟೋಪಿ ನಿಜ. ಮರದ ಓರೆ ಮೂಲೆಗೆ ಆ ಟೋಪಿಯ ಚೂಪಿನಿಂದಲೇ ಹೆಸರು ಬಂದಿರಬಹುದಂತೆ. ಟೋಪಿಗೆ ಬಂದದ್ದು ಹಿಂದೆ ಗ್ರೀಕರು ತಲೆಗೆ ಕಟ್ಟುತ್ತಿದ್ದ ಪಟ್ಟಿಯಿಂದ. ಆ ಪಟ್ಟಿಯ ಹೆಸರನ್ನು ಮೇಷ್ಟರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಮಿತ್ರಾ. ಹೆಸರೇನೋ ಅದೇ, ಅರ್ಥ ಮಾತ್ರ ಗೆಳೆಯನಲ್ಲ. ಪುಟ ಅಲ್ಲಿಗೆ ಮುಗಿದಿತ್ತು, ಮೇಷ್ಟರ ಧೈರ್ಯವೂ ಮುಗಿದಿತ್ತು. ಮೇಡಂ ಭಾರೀ ಓದಿಕೊಂಡವರೆಂದು ಬೇರೆ ಸುದ್ದಿ. ಸಿಕ್ಕಿಬೀಳುವುದಕ್ಕಿಂತ ಒಪ್ಪಿಕೊಳ್ಳುವುದೇ ವಾಸಿ ಅನ್ನಿಸಿತು.

ಮೂರು ಗಂಟೆಗೆ ಎಲ್ಲರೆದುರು ಎದ್ದು ನಿಂತರು.

"ಬೆಳಿಗ್ಗೆ ನಾನು ಹೇಳಿದ್ದು ಬರೀ ಬುರುಡೆ, ಮೇಡಂ. ಮೈಟರ್‌ಗೂ ಮಿತ್ರನಿಗೂ ಸಂಬಂಧ ಇಲ್ಲ. ಅದು ಗ್ರೀಕರ ತಲೆಪಟ್ಟಿಯಿಂದ ಬಂದಿದ್ದು. ಅದರ ಹೆಸರು... ಮಿತ್ರಾ."

ಸಭೆ ಗೊಳ್ಳೆಂದಿತು. ಮೇಡಂ ಮಾತ್ರ ನಗಲಿಲ್ಲ. ನಿಘಂಟು ತರಿಸಿ, ಮೇಷ್ಟರು ಓದು ನಿಲ್ಲಿಸಿದ್ದ ಪುಟವನ್ನು ಮಗುಚಿ ಓದಿದರು. ಗ್ರೀಕರ ಆ ಪದಕ್ಕೂ ಸಂಸ್ಕೃತದ ಮಿತ್ರನಿಗೂ ಕಟ್ಟು, ಬೆಸೆ ಎಂಬರ್ಥದ ಒಂದೇ ಹಳೆಯ ಬೇರು ಇರಬಹುದೆಂದು ಕೆಲವು ವಿದ್ವಾಂಸರ ಊಹೆಯಂತೆ.

"ಅಂದ್ರೆ ಬೆಳಿಗ್ಗೆ ಹೇಳಿದ್ದು ಪೂರ್ತಿ ಬುರುಡೆ ಏನಲ್ಲ," ಎಂದರು ಮೇಡಂ.

ಮೇಷ್ಟರಿಗೆ ಹೋದ ಜೀವ ಬಂದಂತಾಯಿತು. ಬಗ್ಗಿದ್ದ ಸೊಂಟ ತಾನಾಗಿ ನೆಟ್ಟಗಾಯಿತು. ಆದರೆ ಮೇಡಂ ಅಷ್ಟರಲ್ಲಿ ಪೆನ್ನು ತೆಗೆದಿದ್ದರು. ಸುಳ್ಳೆಂದುಕೊಂಡೇ ಒಂದು ಮಾತು ಹೇಳಿ, ಆಮೇಲೆ ಅರ್ಧ ಓದಿ ಅದನ್ನೂ ಅಲ್ಲಗಳೆದವರ ಕೈಗೆ ಪಾಠ ಕೊಡುವುದು ಹೇಗೆ ಎಂದು ಕೇಳಿದರು. ಇಡೀ ದಿನ ಒಂದೇ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಎಲ್ಲರ ಬೆರಳೂ ಅಂಚೆ ಅಜ್ಜನ ಕಡೆ ತಿರುಗಿತು.

ಸಂಜೆ ಮೇಷ್ಟರು ಹೊಟ್ಟು ಗುಡಿಸುತ್ತಿದ್ದಾಗ ಅಜ್ಜ ಹೊಸ ಕುರ್ಚಿಯನ್ನು ತಾನೇ ಎತ್ತಿಕೊಂಡು ಒಳಗೆ ಬಂದ. ಹುದ್ದೆ ಅಜ್ಜನಿಗೇ ಎಂದು ಮೇಡಂ ಬರೆದಿಟ್ಟು ಹೋದ ಆದೇಶದಲ್ಲಿ ಇನ್ನೊಂದು ಸಾಲೂ ಇತ್ತಂತೆ. ಮರಗೆಲಸದ ಬೋಧಕರೂ ಪಾಠಕ್ಕೆ ಹಾಜರಾಗತಕ್ಕದ್ದು.

"ನಾಳೆ ಹತ್ತಕ್ಕೆ ಸರಿಯಾಗಿ ಬಂದ್ಬಿಡಿ ಮೇಷ್ಟ್ರೇ," ಎಂದ ಅಜ್ಜ ಅಕ್ಕರೆಯಿಂದ. "ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಕೇಳಿ, ನಾಚ್ಕೋಬೇಡಿ."