ಸಾಕು ಅಂದರೂ ಬಿಡದ ಈಮೇಲ್

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಒಂದೇ ಸಲ 'ಸಾಕು' ಅಂದು ಎದ್ದುಹೋದ ಉದಾಹರಣೆ ಇಲ್ಲ. ಸಿಂಧಘಟ್ಟದ ನನ್ನ ತವರಿನಲ್ಲೂ ಇಲ್ಲ, ಅಕ್ಕಿಹೆಬ್ಬಾಳಿನ ಗಂಡನ ಮನೆಯಲ್ಲೂ ಇಲ್ಲ. ಮೊದಲನೇ 'ಸಾಕು' ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೇ ಸಲ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರೆ, ಆ ಕೈಯ ಸಂದಿಯಲ್ಲೇ ಅರ್ಧ ಮುದ್ದೆ ಇಳಿಸುವ ವಿದ್ಯೆ ನಮಗೆ ಗೊತ್ತು! ಇಂಥ ಘನವಾದ ಅನುಭವವನ್ನು ನಾನು ವ್ಯಾಪಾರಕ್ಕೂ ಬಳಸಿದೆ. ಕೆಟ್ಟಿದ್ದು ಅಲ್ಲೇ.

ನಾನು ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇನೆ. ಪಕ್ಕದ ಮನೆಯ ಪುಟ್ಟತಾಯಮ್ಮ, ನಮ್ಮ ಬೀದಿಯ ಇನ್ನೂ ಕೆಲವು ಹೆಂಗಸರು ಜೊತೆಗಿದ್ದಾರೆ. ಭಾನುವಾರ ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳು ಓಡಾಡುವ ಕಡೆ ಮೇಜು ಹಾಕಿ ಕೂರುತ್ತೇವೆ. ಬೆಲ್ಲ, ಕಾಯಿತುರಿ, ತುಪ್ಪ ಹಾಕಿ ಕಲೆಸಿದ ಹುರಿಹಿಟ್ಟಿನ ಉಂಡೆ ಬಂದವರಿಗೆಲ್ಲ ಪುಕ್ಕಟೆ. ಉಂಡೆ ಬಾಯಲ್ಲಿರುವಾಗಲೇ "ನಿಮ್ ಈಮೇಲ್ ಬರ್ಕೊಡಿ ಸಾರ್, ಪೋನ್ ನಂಬರ್ರೂ" ಅಂದುಬಿಟ್ಟರೆ ಇಲ್ಲ ಅನ್ನಲು ಅವರಿಗೆ ನಾಲಗೆ ಹೊರಳುವುದಿಲ್ಲ. ಹೀಗೆ ಸಿಕ್ಕಿದವರಿಗೆಲ್ಲ ದಿನಾ ಬೆಳಿಗ್ಗೆ ಒಂದು ಈಮೇಲ್! ಸೋಮವಾರ ರಾಗಿಯ ಮಹಿಮೆ, ಮಂಗಳವಾರ ಹುರಿಹಿಟ್ಟಿನ ಮಹಿಮೆ, ಬುಧವಾರದಿಂದಾಚೆಗೆ ನನ್ನ ಮಹಿಮೆ.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಕೊಟ್ಟವನು ಕೆ.ಆರ್. ಪೇಟೆಯಲ್ಲಿ ಸೈಬರ್ ಅಂಗಡಿ ಇಟ್ಟಿರುವ ನಯಾಜ್.

"ಅಕ್ಕಾ, ಈಮೇಲ್ ಬ್ಯಾಡ ಅನ್ನೋರ್ಗೆ ಕೆಳ್ಗಡೆ ಒಂದು ಬಟನ್ ಮಡಗ್ಬೇಕು. ಒತ್ತಿದ್ರೆ ಪಟ್ಟಿಯಿಂದ ಅವ್ರೆಸ್ರು ಹೋಯ್ತದೆ" ಅಂದ.

"ಒಂದೇ ಸಲಕ್ಕಾ?"

"ಹೂಂ, ಒಂದೇ ಸಲಕ್ಕೆ."

ಬಂದ ನೆಂಟರು ಹೇಳದೆ ಕೇಳದೆ ಹಿತ್ತಿಲ ಬಾಗಿಲಿಂದ ಹೊರಟುಹೋದರೆ ಮನೆಯವರ ಮರ್ಯಾದೆ ಏನಾಗಬೇಕು? "ಅದೆಂಗಪ್ಪಾ ಆಯ್ತದೆ? ಒಂದ್ ಮಾತೂ ಕೇಳ್ದಂಗೆ ಕಳ್ಸ್ಬುಡಾದಾ? ಉಪಚಾರ ಮಾಡ್ಬೇಕು ಕಣಪ್ಪಾ!" ಅಂದೆ. ನಯಾಜನಿಗೂ ಈ ಮಾತು ಬಹಳ ಹಿಡಿಸಿತು. ಬಿರಿಯಾನಿ ಬಡಿಸಿ, ಉಂಡವರನ್ನು ಏಳಲು ಬಿಡದ ಮನೆತನ ಅವನದೂ.

ಇಬ್ಬರೂ ಸೇರಿ ಮೂರು ಬಾಗಿಲು ಕಟ್ಟಿದೆವು. ಬಟನ್ ಒತ್ತಿದರೆ, 'ನಿಜವಾಗಲೂ ಹೋಗುತ್ತೀರಾ?' ಹೌದು ಎಂದರೆ, 'ನಮ್ಮಿಂದ ಏನು ತಪ್ಪಾಯಿತು, ಬರೆಯಿರಿ.' ಬರೆಯದವರಿಗೆ ಮುಂದೆ ದಾರಿಯಿಲ್ಲ. ಬರೆದವರಿಗೆ, 'ನಾವೇ ಫೋನ್ ಮಾಡಿ ಮಾತಾಡಿದ ಮೇಲೆ ನಿಮ್ಮ ಹೆಸರು ತೆಗೆಯುತ್ತೇವೆ.'

ಫೋನ್ ಮಾಡುವ ಘನ ಜವಾಬ್ದಾರಿ ನನ್ನದು. ಒಬ್ಬರಿಗೆ ಮಾಡಿದೆ.

"ಯಾಕ್ ಸಾರ್ ಬ್ಯಾಡ ಅಂದ್ರಿ? ಒಟ್ಟೆಗೆ ಸರೋಗ್ನಿಲ್ವಾ?"

"ಹೊಟ್ಟೆ ಚೆನ್ನಾಗಿದೆಯಮ್ಮ. ದಿನಾ ಈಮೇಲ್ ಬರೋದು ಬೇಡ, ಅಷ್ಟೇ."

"ಬೆಲ್ಲ ಒಂಚೂರು ಜಾಸ್ತಿ ಆಕ್ಕಂಡ್ ತಿನ್ನಿ ಸಾರ್, ಎಲ್ಲಾ ಸರೋಯ್ತದೆ."

ಅವರು ಫೋನ್ ಇಟ್ಟುಬಿಟ್ಟರು. ಬೇಡ ಅಂದಿದ್ದು ಒಂದೇ ಸಲವಲ್ಲವೇ? ಮರ್ಯಾದೆಯ ಲೆಕ್ಕಕ್ಕೆ ಸೇರಿಸಿ, ಪಟ್ಟಿಯಲ್ಲೇ ಉಳಿಸಿಕೊಂಡೆ!

"ಇಲ್ಲೀಗಂಟ ಒಬ್ರೂ ಬುಟ್ಟೋಗಿಲ್ಲ ಕಣ್ರೀ" ಅಂತ ಯಜಮಾನರ ಹತ್ತಿರ ಜಂಬ ಕೊಚ್ಚಿದೆ. ಡೈರಿಗೆ ಹಾಲಿನ ಕ್ಯಾನು ಹೊರಡಿಸುತ್ತಿದ್ದ ಅವರು ತಲೆ ಎತ್ತದೆ ಕೇಳಿದರು: "ಅವ್ರು ಓಗಿಲ್ವಾ, ನೀನ್ ಬುಟ್ಟಿಲ್ವಾ?"

ಆಮೇಲೆ ಬಂತು ನೋಡಿ ಅದೃಷ್ಟ. ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕ ಹೊಸದಾಗಿ ಶುರುವಾದ ದೊಡ್ಡ ಅಂಗಡಿಯ ಮ್ಯಾನೇಜರ್ ಬಂದು ಉಂಡೆ ತಿಂದು ತಲೆದೂಗಿದ. "ನಮ್ಮ ಓನರ್‌ಗೆ ರೇಟು, ಫೋಟೋ ಎಲ್ಲ ಈಮೇಲ್ ಮಾಡಿ. ಶುಕ್ರವಾರದೊಳಗೆ ಅವರು ಹೂಂ ಅಂದ್ರೆ ನಿಮ್ಮ ಪ್ಯಾಕೆಟ್ ನಮ್ಮಲ್ಲಿಡ್ತೀವಿ" ಅಂದ. ಭಾನುವಾರದ ಕೆಲಸ ವಾರವಿಡೀ ಆಗುವ ಸುಯೋಗ! ಪುಟ್ಟತಾಯಮ್ಮ ಅವತ್ತೇ, ಈ ಸಲ ನಾಟಿ ಕೆಲಸಕ್ಕೆ ಬರೋದಿಲ್ಲ ಅಂತ ಗದ್ದೆಯವರಿಗೆ ಹೇಳಿಬಿಟ್ಟಳು.

ಈಮೇಲ್ ಕಳಿಸಿದೆ. ಉತ್ತರವಿಲ್ಲ. ಇನ್ನೊಂದು ಕಳಿಸಿದೆ. ಅದಕ್ಕೂ ಇಲ್ಲ.

"ಬಂತಾ ಅಕ್ಕಾ?" ದಿನಾ ಬೆಳಿಗ್ಗೆ ಪುಟ್ಟತಾಯಮ್ಮ ಜಗಲಿಗೆ ಬಂದು ಕೇಳುವಳು.

"ಬತ್ತದೆ ಕಣೆ, ದೊಡ್ ಅಂಗ್ಡಿಯೋರು, ನಿಧಾನ."

ಧೈರ್ಯವೆಲ್ಲ ಬಾಯಲ್ಲಷ್ಟೇ. ಅವಳ ನಾಟಿ ಕೂಲಿಯನ್ನೂ ನಾನೇ ತಪ್ಪಿಸಿದೆನಲ್ಲ ಅಂತ ಊಟ ಸೇರದು. ಫೋನ್ ನೋಡುತ್ತಾ ಹುರಿದು ಒಂದು ಬಾಣಲೆ ರಾಗಿ ಸೀದುಹೋಯಿತು. ಗಾಬರಿಗೆ ಹೊತ್ತಿಗೊಂದರಂತೆ ಈಮೇಲ್ ಕಳಿಸಿದೆ. ಮ್ಯಾನೇಜರ್‌ಗೆ ಫೋನ್ ಮಾಡಿದರೆ, "ನಿಮ್ಮಿಂದ ಏನೂ ಬಂದಿಲ್ವಂತೆ ಕಣ್ರೀ" ಅಂದ.

ಶುಕ್ರವಾರ ಡಬ್ಬಿಯಲ್ಲಿ ಉಂಡೆ ಕಟ್ಟಿಕೊಂಡು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹತ್ತಿ ಅಂಗಡಿಗೇ ಹೋದೆ. ಓನರ್ ಗಂಭೀರ ಮನುಷ್ಯ. "ಬಂದಿಲ್ಲಮ್ಮ" ಅಂತ ಫೋನ್ ತಡಕಿದವರು ಇದ್ದಕ್ಕಿದ್ದಂತೆ ನಿಂತರು. ಬೇಡದ ಈಮೇಲ್ ತಳ್ಳುವ ಕಸದ ಡಬ್ಬಿಯಲ್ಲಿ ನಾನು ಸಾಲಾಗಿ ಬಿದ್ದಿದ್ದೆ! ರಾಗಿಯ ಮಹಿಮೆ, ನನ್ನ ಮಹಿಮೆ, ಅದರ ಮೇಲೆ ರೇಟು, ಫೋಟೋ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹೊಟ್ಟೆಗೆ ಸರಿಹೋಗ್ಲಿಲ್ವಾ ಅಂತ ಕೇಳಿದ್ದು ನೀವೇನಾ?"

ಅಯ್ಯೋ ಶಿವನೇ! ಅದೇ ಧ್ವನಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹಿಂದೊಂದು ಭಾನುವಾರ ನಿಮ್ಮ ಉಂಡೆ ತಿಂದು ಈಮೇಲ್ ಬರೆದುಕೊಟ್ಟಿದ್ದೆ. ನನಗೆ ಬೇಡವಾಗಿದ್ದು ಈಮೇಲ್ ಕಣಮ್ಮ, ಹುರಿಹಿಟ್ಟಲ್ಲ. ನೀವು ಫೋನ್ ಮಾಡಿದ ಮೇಲೆ ಎರಡೂ ಬೇಡ ಅನ್ನಿಸ್ತು. ನೀವು ಬಿಡಲಿಲ್ಲ, ನಾನು ಕಸಕ್ಕೆ ತಳ್ಳಿದೆ. ನಿಮ್ಮ ಪ್ಯಾಕೆಟ್ ಇಡಬೇಕಿದ್ದ ಜಾಗಾನ ಬೆಳಿಗ್ಗೆ ತಾನೇ ನಾಗಮಂಗಲದೋರಿಗೆ ಕೊಟ್ಟಾಯ್ತು."

ಪುಟ್ಟತಾಯಮ್ಮನ ಮುಖ ಕಣ್ಣ ಮುಂದೆ ಬಂತು. "ತೆಪ್ಪಾಯ್ತು ಸಾರ್, ಈಗ್ಲೇ ನಿಮ್ಮೆಸ್ರು ತೆಗಿಸ್ತೀನಿ" ಅಂತ ನಯಾಜನಿಗೆ ಫೋನ್ ಮಾಡಿದೆ.

"ಅಕ್ಕಾ, ಮೂರು ಬಾಗ್ಲು ದಾಟ್ದೆ ನಾನೂ ತೆಗೆಯಾಕಾಗಲ್ಲ. ನೀವೇ ಅಲ್ವಾ ಅಂಗ್ ಮಾಡ್ಸಿದ್ದು?"

ಕೊನೆಗೆ ಓನರೇ ಬಟನ್ ಒತ್ತಿದರು. 'ನಿಜವಾಗಲೂ ಹೋಗುತ್ತೀರಾ?' ಹೌದು. 'ಏನು ತಪ್ಪಾಯಿತು?' "ತೆಪ್ಪೆಲ್ಲಾ ನಂದೇ ಅಂತ ಬರೀರಿ ಸಾರ್" ಅಂದೆ. ಹಾಗೇ ಬರೆದರು. ಮೂರನೇ ಬಾಗಿಲಲ್ಲಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಫೋನ್ ಮಾಡಿ ಮಾತಾಡಬೇಕು!

ಮಾಡಿದೆ. ಮೇಜಿನ ಆಚೆ ಅವರ ಫೋನ್ ಹೊಡೆದುಕೊಂಡಿತು. ಬಿಲ್ಲು ಕಟ್ಟಲು ನಿಂತಿದ್ದವರೆಲ್ಲ ಇತ್ತ ತಿರುಗಿದರು.

"ಹಲೋ" ಅಂದರು ಅವರು, ನನ್ನನ್ನೇ ನೋಡುತ್ತಾ.

"ಸಾರ್... ನಿಜ್ವಾಗ್ಲೂ ಓಯ್ತೀರಾ?"

"ಹೋಗ್ತೀನಮ್ಮ."

"ಆಯ್ತು, ಓಗ್ಬನ್ನಿ ಸಾರ್."

ಆ ಗಂಭೀರ ಮನುಷ್ಯ ಮೇಜು ಹಿಡಿದುಕೊಂಡು ನಕ್ಕರು. ನಗುವಿನ ಮಧ್ಯೆ ಒಂದು ಉಂಡೆ ಬಾಯಿಗೆ ಹಾಕಿಕೊಂಡರು. "ಮೇಲೆ ಜಾಗ ಇಲ್ಲ. ಕೆಳಗಿನ ಗೂಡಲ್ಲಿ ಸ್ವಲ್ಪ ಇಡಿ, ನೋಡೋಣ. ಆದ್ರೆ ಮೊದಲು ಆ ಬಾಗಿಲುಗಳನ್ನ ಕೀಳಿಸಿ!" ಅಂದರು. ಸೊಂಟ ಬಗ್ಗಿಸಿದವರಿಗಷ್ಟೇ ಕಾಣುವ ಗೂಡು. ಆದರೂ ಪುಟ್ಟತಾಯಮ್ಮನಿಗೆ ಕೆಲಸ ಸಿಕ್ಕಿತಲ್ಲ, ನನಗೆ ಉಸಿರು ಬಂತು.

ನಯಾಜ್ ಒಂದೇ ಒತ್ತಿನ ಬಟನ್ ಇಟ್ಟ. ಮಾರನೇ ದಿನ ನೋಡಿದರೆ, ತೂಬು ಎತ್ತಿದ ನಾಲೆಯಂತೆ ಜನ ಹೊರಟುಹೋಗಿದ್ದರು! ಅದರಲ್ಲಿ ನಮ್ಮ ಯಜಮಾನರೂ ಒಬ್ಬರು.

"ನೀವೂ ಓದ್ರಾ?"

"ಮಾಡೋಳು ಮನೇಲೇ ಅವ್ಳೆ, ನಂಗ್ಯಾಕಮ್ಮಿ ಈಮೇಲು?" ಅಂದರು, ಊಟಕ್ಕೆ ಕೂರುತ್ತಾ.

ಸೊಪ್ಪಿನ ಸಾರು, ಬಿಸಿ ಮುದ್ದೆ. ಒಂದು ಮುದ್ದೆ ಮುಗಿಯಿತು. ಮಿಕ್ಕಿದ್ದ ಇನ್ನೊಂದನ್ನು ಹಿಡಿದು ಹೋದೆ.

"ಸಾಕು ಕಣಮ್ಮಿ."

ಕಲಿತ ಪಾಠ ಮರೆಯುವವಳೇ ನಾನು? ಕಾರಣ ಕೇಳಲಿಲ್ಲ, ಬಲವಂತ ಮಾಡಲಿಲ್ಲ. ಸೀದಾ ತಂದು ನನ್ನ ತಟ್ಟೆಗೆ ಹಾಕಿಕೊಂಡು ಮುರಿದೆ. ಅವರು ಏಳಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ಖಾಲಿ ತಟ್ಟೆ ನೋಡುತ್ತಾ ಕೂತೇ ಇದ್ದರು.

"ಯಾಕ್ರೀ?"

"ಅಲ್ಲ ಕಣಮ್ಮಿ, ಇನ್ನೊಂದ್ಸಲ ಕೇಳಾಕಾಗ್ಕಿಲ್ವಾ?"

ನನ್ನ ಜನ್ಮದಲ್ಲಿ ಒಂದೇ ಮಾತಿಗೆ 'ಆಯಿತು' ಅಂದು ಬಿಟ್ಟಿದ್ದು ಅವರೊಬ್ಬರನ್ನೇ. ನಮ್ಮ ಮನೆಯಿಂದ ಹಸಿದೆದ್ದವರೂ ಅವರೊಬ್ಬರೇ!