ಸಾಹೇಬರಿಗೆ ಬೆಲ್ಲದ ಹಾರ

ರಾಜಕೀಯ ಅರ್ಥವಾಗುವುದಿಲ್ಲ ಎಂದು ಗೊಣಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮರುಕ. ಅರ್ಥವಾಗದ್ದು ಅದರಲ್ಲಿ ಏನಿದೆ? ಒಬ್ಬ ನಾಯಕನನ್ನು ಹಿಡಿಯಬೇಕು, ಅವನ ಪಕ್ಷದ ಶಾಲು ಹೊದೆಯಬೇಕು, ಆಗಾಗ ಹೋಗಿ ಮುಖ ತೋರಿಸಬೇಕು. ಕೆಲಸ ತಾನಾಗಿ ಆಗುತ್ತದೆ. ಈ ಸಿದ್ಧಾಂತವನ್ನು ನಾನು ಕ್ಯಾತನಹಳ್ಳಿ ಆಸುಪಾಸಿನ ಎಲ್ಲ ಟೀ ಅಂಗಡಿಗಳಲ್ಲೂ ವಿವರಿಸಿದ್ದೆ. ಈಗ ಆ ಅಂಗಡಿಗಳ ಮುಂದೆ ಹೋಗುವಾಗ ಬೈಕನ್ನು ಸ್ವಲ್ಪ ಜೋರಾಗಿ ಓಡಿಸುತ್ತೇನೆ.

ನನ್ನ ನಾಯಕರನ್ನು ನಾವು ಸಾಹೇಬರು ಎನ್ನುತ್ತೇವೆ. ಹೆಸರು, ಹುದ್ದೆ ಬರೆಯುವುದಿಲ್ಲ. ಅವರು ಇನ್ನೂ ಅಧಿಕಾರದಲ್ಲಿದ್ದಾರೆ, ನನಗೂ ಇನ್ನೂ ಕೆಲಸಗಳಿವೆ. ಹನ್ನೆರಡು ವರ್ಷ ಅವರು ಒಂದೇ ಪಕ್ಷದಲ್ಲಿದ್ದರು. ಪ್ರತಿ ಸಭೆಯಲ್ಲೂ "ಪಕ್ಷ ನನ್ನ ಹೆತ್ತ ತಾಯಿ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತು ನಾನೂ ಒರೆಸಿಕೊಳ್ಳುತ್ತಿದ್ದೆ.

ಅವರಿಂದ ನನಗೆ ಆಗಬೇಕಾಗಿದ್ದು ಒಂದೇ ಕೆಲಸ, ಒಂದು ಸೇತುವೆ. ಕಾವೇರಿಗೆ ಅಡ್ಡಲಾಗಿ ಅಲ್ಲ. ನಮ್ಮ ಮನೆ ಕಾಲುವೆಯ ಈಚೆ, ಕಬ್ಬು ಅರೆದು ಬೆಲ್ಲ ಕಾಯಿಸುವ ನನ್ನ ಆಲೆಮನೆ ಕಾಲುವೆಯ ಆಚೆ. ನಡುವೆ ಹತ್ತಡಿ ನೀರು. ಕಬ್ಬಿನ ಟ್ರಾಕ್ಟರು ಊರೆಲ್ಲ ಸುತ್ತಿ ಬರುತ್ತದೆ. ನನ್ನ ಹೆಂಡತಿ ಸಾವಿತ್ರಿ ಮಾತ್ರ ದಿನಾ ಮಧ್ಯಾಹ್ನ ಮುದ್ದೆ, ಉಪ್ಸಾರಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಅಡ್ಡ ಹಾಕಿದ್ದ ಒಂದು ಹಳೆಯ ಕರೆಂಟು ಕಂಬದ ಮೇಲೆ ಹೆಜ್ಜೆ ಮುಂದೆ ಹೆಜ್ಜೆ ಇಟ್ಟು ಬರುತ್ತಿದ್ದಳು. ಹೋದ ವರ್ಷ ಕಾಲು ಜಾರಿ ಬುಟ್ಟಿ ಸಮೇತ ನೀರಿಗೆ ಬಿದ್ದಳು. ಓಡಿಹೋಗಿ ಕೈಹಿಡಿದು ದಡಕ್ಕೆ ಎಳೆದೆ. ಭಯದಲ್ಲಿ ನನ್ನ ಎದೆ ನಗಾರಿ ಬಾರಿಸುತ್ತಿತ್ತು. ಆದರೆ ಬಾಯಿಗೆ ಬಂದ ಮಾತು ಒಂದೇ.

"ಮುದ್ದೆ?"

ಆ ಪ್ರಶ್ನೆಯನ್ನು ಅವಳು ಇವತ್ತಿಗೂ ಮರೆತಿಲ್ಲ. ಮೂರು ದಿನ ಉಪ್ಪಿಲ್ಲದ ಸಾರು ತಿಂದಿದ್ದರಿಂದ ನಾನೂ ಮರೆತಿಲ್ಲ.

ಸೇತುವೆಗೆ ಬೇಕಾದ ನಾಲ್ಕು ಉದ್ದನೆಯ ಚಪ್ಪಡಿ ಕಲ್ಲುಗಳನ್ನು ಪಂಚಾಯ್ತಿಯವರು ಆರು ವರ್ಷದ ಹಿಂದೆಯೇ ನಮ್ಮ ದಡದಲ್ಲಿ ಇಳಿಸಿ ಹೋಗಿದ್ದರು. ಅವುಗಳ ಮೇಲೆ ಸಾವಿತ್ರಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ತೊಡಕು ಇದ್ದದ್ದು ಆಚೆ ದಡದಲ್ಲಿ. ಕಲ್ಲು ಕೂರಬೇಕಾದ ಮೂರಡಿ ಜಾಗ ಪುಟ್ಟಸ್ವಾಮಿಯದು. ಪುಟ್ಟಸ್ವಾಮಿ ಎದುರು ಪಕ್ಷದ ಊರಿನ ಮುಖಂಡ. ಹನ್ನೆರಡು ವರ್ಷದ ಹಿಂದೆ ಒಂದು ಚುನಾವಣೆಯಲ್ಲಿ ಮಾತು ಬಿಟ್ಟವರು ನಾವು, ಮತ್ತೆ ಆಡಿರಲಿಲ್ಲ. ನನಗೆ ಏನಾದರೂ ಹೇಳಬೇಕಿದ್ದರೆ ಅವನು ತನ್ನ ಎತ್ತಿಗೆ ಹೇಳುತ್ತಿದ್ದ.

"ಕರಿಯ, ಕೆಲವ್ರು ಸೇತುವೆ ಬೇಕು ಅಂತಾವ್ರೆ. ಅವ್ರ ಸಾಹೇಬ್ರನ್ನೇ ತಂದು ಅಡ್ಡ ಮಲಗಿಸ್ಕಳ್ಳಿ ಅನ್ನು."

ನಾನು ನನ್ನ ಎಮ್ಮೆಯ ಕಡೆ ತಿರುಗಿ ಉತ್ತರ ಕೊಡುತ್ತಿದ್ದೆ. ಸಾಹೇಬರು ಒಂದು ಫೋನು ಮಾಡಿದರೆ ಇವನು ಮೂರಡಿ ಏನು, ಮೂವತ್ತು ಅಡಿ ಬಿಡುತ್ತಾನೆ ಎಂಬುದು ನನ್ನ ನಂಬಿಕೆ. ಸಾಹೇಬರೂ ಪ್ರತಿ ಸಲ, "ಮಾಡುವಾ ನಿಂಗರಾಜು" ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾನು ಮಾತ್ರ ಅದರ ಬೆಳಕಲ್ಲೇ ಹನ್ನೆರಡು ವರ್ಷ ನಡೆದೆ.

ಹೀಗಿರುವಾಗ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಸಾಹೇಬರು ತಾಯಿಯನ್ನು ಬಿಟ್ಟರು. ಕ್ಷೇತ್ರದ ಅಭಿವೃದ್ಧಿಗಾಗಿ ಪುಟ್ಟಸ್ವಾಮಿಯ ಪಕ್ಷಕ್ಕೆ ಸೇರುವುದಾಗಿ ಟಿವಿಯಲ್ಲಿ ಹೇಳಿದರು. ಬೆಂಗಳೂರಿನಲ್ಲಿ ಮಾತುಕತೆ ಮುಗಿದಿದೆ, ನಾಳಿದ್ದು ಶ್ರೀರಂಗಪಟ್ಟಣದ ಮೇಲೆ ಮೆರವಣಿಗೆಯಲ್ಲಿ ಬರುತ್ತಾರೆ, ಪಾಂಡವಪುರದಲ್ಲಿ ಹೊಸ ಶಾಲು ಹೊದೆಯುತ್ತಾರೆ ಎಂದು ಸುದ್ದಿ. ನಾನು ಒಂದು ಗಂಟೆ ದುಃಖಪಟ್ಟೆ. ಆಮೇಲೆ ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನಿಸಿತು. ಸಾಹೇಬರೇ ಪುಟ್ಟಸ್ವಾಮಿಯ ಪಕ್ಷಕ್ಕೆ ಹೋದ ಮೇಲೆ ಅವನಿಗೆ ಮೂರಡಿ ಕೊಡಲು ಏನು ಧಾಡಿ? ಸಾಹೇಬರ ಕಣ್ಣಿಗೆ ನಾನು ಎಲ್ಲರಿಗಿಂತ ಮೊದಲು ಬಿದ್ದರಾಯಿತು.

ನಮ್ಮ ಸೀಮೆಯಲ್ಲಿ ನಾಯಕರ ಕಣ್ಣಿಗೆ ಬೀಳಬೇಕಾದರೆ ಕ್ರೇನಿನಲ್ಲಿ ಹಾರ ಹಾಕಿಸಬೇಕು. ಸೇಬಿನ ಹಾರ, ಮೋಸಂಬಿ ಹಾರ, ಎಲ್ಲ ಆಗಿಹೋಗಿವೆ. ಆಲೆಮನೆಯವನಾದ ನಾನು ಬೆಲ್ಲದ ಹಾರ ಹಾಕಿಸಲು ತೀರ್ಮಾನಿಸಿದೆ.

ಸಾವಿತ್ರಿ ಕೇಳಿದಳು, "ಅಲ್ಲ, ಈ ಬಿಸ್ಲಲ್ಲಿ ಬೆಲ್ಲ ಕರಗಾಕಿಲ್ವಾ?"

"ರಾಜಕೀಯ ನಿಂಗೆ ಗೊತ್ತಾಗಾಕಿಲ್ಲ ಸುಮ್ಕಿರು."

"ರಾಜಕೀಯ ಅಲ್ಲ ಕಣೋ ಮಾರಾಯ, ಬೆಲ್ಲ. ಹಳೇ ಬೆಲ್ಲನಾದ್ರೂ ಹಾಕು, ಗಟ್ಟಿಗಿರ್ತದೆ."

ಹಳೆಯದು ಕಪ್ಪಗಿತ್ತು. ಸಾಹೇಬರಿಗೆ ಹೊಂಬಣ್ಣದ್ದೇ ಬೇಕು. ಮೆರವಣಿಗೆಯ ಹಿಂದಿನ ದಿನ ಹೊಸದಾಗಿ ಪಾಕ ಇಳಿಸಿ, ಅಚ್ಚುಗಳಲ್ಲಿ ಹಗ್ಗ ಇಟ್ಟು ಹೊಯ್ದೆ. ಸಂಜೆಗೆ ಹಾರ ಸಿದ್ಧವಾಯಿತು. ಆರು ಜನ ಹಿಡಿದರೂ ಮೇಲೇಳಲಿಲ್ಲ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಉಳಿದದ್ದು ಒಂದು ಕಹಿ ಕೆಲಸ. ಆ ಪಕ್ಷದ ಶಾಲು ಬೇಕಾದರೆ ಪುಟ್ಟಸ್ವಾಮಿಯ ಹತ್ತಿರವೇ ಹೋಗಬೇಕು. ಹೋದೆ. ಅವನು ಎತ್ತಿಗೆ ಹುಲ್ಲು ಹಾಕುತ್ತಿದ್ದ.

"ಕರಿಯ, ಯಾರೋ ಬಂದಂಗದೆ ನೋಡ್ಲಾ."

"ಕರಿಯ," ನಾನೂ ಎತ್ತಿಗೇ ಹೇಳಿದೆ, "ನಂಗೊಂದು ಶಾಲು ಬೇಕಾಗಿತ್ತು."

ಪುಟ್ಟಸ್ವಾಮಿ ಒಳಗೆ ಹೋಗಿ ಶಾಲು ತಂದ. ನನ್ನ ಹೆಗಲಿಗೆ ಹಾಕಲಿಲ್ಲ. ಕರಿಯನ ಕೊಂಬಿಗೆ ಹಾಕಿದ. ನಾನು ಅಲ್ಲಿಂದ ತೆಗೆದುಕೊಂಡೆ. ಪಕ್ಷಾಂತರ ವಿಧಿವತ್ತಾಗಿ ಮುಗಿಯಿತು. ಹಳೆಯ ಶಾಲನ್ನು ಬಿಸಾಡಲು ಮನಸ್ಸು ಬರಲಿಲ್ಲ. ಮಡಿಸಿ ಬನಿಯನ್ನಿನೊಳಗೆ ಇಟ್ಟುಕೊಂಡೆ, ಇರಲಿ ಎಂದು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಪಾಂಡವಪುರದ ಹೊರಗಿನ ರಸ್ತೆಯಲ್ಲಿ ಹಾರ ಮೇಲೇರಿತು. ಕ್ರೇನು ಪಾಂಡವಪುರದ ಅನ್ವರನದು. ಇಪ್ಪತ್ತು ವರ್ಷದಿಂದ ಬೋರ್‌ವೆಲ್ ಪೈಪು, ಕೆಟ್ಟ ಲಾರಿ, ನಾಯಕರ ಹಾರ, ಎಲ್ಲವನ್ನೂ ಒಂದೇ ಮರ್ಯಾದೆಯಿಂದ ಎತ್ತುವವನು. ಮೇಲೆ ನೋಡಿ ಹೇಳಿದ, "ನಿಂಗಣ್ಣ, ಸೇಬು ಎತ್ತಿದೀನಿ, ಕಬ್ಬು ಎತ್ತಿದೀನಿ. ಬೆಲ್ಲ ಇದೇ ಫಸ್ಟು. ಅಲ್ಲಾ ಕಾಪಾಡ್ಲಿ."

ಹತ್ತಕ್ಕೆ ಬರುವ ಸಾಹೇಬರು ಹನ್ನೊಂದಾದರೂ ಬರಲಿಲ್ಲ. ಪುಟ್ಟಸ್ವಾಮಿ ತನ್ನ ಜನರೊಂದಿಗೆ ನನ್ನ ಪಕ್ಕದಲ್ಲೇ ನಿಂತಿದ್ದ. ಇಬ್ಬರ ಹೆಗಲಲ್ಲೂ ಒಂದೇ ಬಣ್ಣ, ಇಬ್ಬರ ಮುಖವೂ ಬೇರೆ ಬೇರೆ ದಿಕ್ಕಿಗೆ. ಹನ್ನೆರಡಕ್ಕೆ ಹಾರ ಬೆವರತೊಡಗಿತು. ಮೊದಲ ಹನಿ ನನ್ನ ಬೋಳುತಲೆಯ ಮೇಲೆ ಬಿತ್ತು. ಒಂದು ಜೇನುಹುಳು ಬಂದು ವಿಚಾರಿಸಿಕೊಂಡು ಹೋಯಿತು. ಹೋಗಿ ತನ್ನ ಬಳಗಕ್ಕೆ ಹೇಳಿರಬೇಕು. ಅರ್ಧ ಗಂಟೆಯಲ್ಲಿ ಹಾರದ ಸುತ್ತ ಗುಂಯ್ ಎನ್ನುವ ಭಾರೀ ಬಹುಮತ ಸೇರಿತು.

"ಇಳಿಸಿಬಿಡ್ಲಾ?" ಎಂದ ಅನ್ವರ್.

"ಬ್ಯಾಡ, ಶ್ರೀರಂಗಪಟ್ಟಣ ಬಿಟ್ರಂತೆ," ಎಂದೆ.

ಅಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿದವು. ಶ್ರೀರಂಗಪಟ್ಟಣದಲ್ಲಿ ಕಾಫಿ ಕುಡಿಯುವಾಗ ಹಳೆಯ ಪಕ್ಷದವರು ಸಾಹೇಬರಿಗೆ ಫೋನು ಮಾಡಿದರಂತೆ, ತಾಯಿ ಕರೆದಳು ಎಂದು ಸಾಹೇಬರು ಅತ್ತರಂತೆ, ಹಳೇ ಪಕ್ಷದಲ್ಲೇ ಉಳಿಯುತ್ತಾರಂತೆ. ನನ್ನ ಸುತ್ತ ಶಾಲುಗಳು ಸರಸರನೆ ಜೇಬು ಸೇರಿದವು. ನಾನೂ ಸದ್ದಿಲ್ಲದೆ ಹೊಸದನ್ನು ತೆಗೆದು, ಅಂಗಿಯ ಗುಂಡಿ ಬಿಚ್ಚಿ ಹಳೆಯದನ್ನು ಎಳೆದೆ. ಪುಟ್ಟಸ್ವಾಮಿ ನೋಡಿಬಿಟ್ಟ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಎತ್ತಿನ ಸಹಾಯವಿಲ್ಲದೆ ನನ್ನೊಡನೆ ಮಾತಾಡಿದ.

"ಲೇ ನಿಂಗ, ಬನೀನ್ ಒಳಗೂ ಒಂದು ಪಕ್ಸ ಮಡಗಿದ್ದೀಯಲ್ಲೋ!"

ಉತ್ತರ ಕೊಡುವ ಮೊದಲೇ ಹತ್ತಾರು ಕಾರುಗಳು ಬಂದೇಬಿಟ್ಟವು. ತೆರೆದ ಜೀಪಿನಲ್ಲಿ ಸಾಹೇಬರು ಕೈಮುಗಿದು ನಿಂತಿದ್ದರು. ಹೆಗಲ ಮೇಲೆ ಯಾವ ಶಾಲೂ ಇರಲಿಲ್ಲ. ಜನ ಬಾಯಿ ತೆರೆದವರು ಹಾಗೇ ನಿಂತರು. ಯಾವ ಪಕ್ಷಕ್ಕೆ ಜೈ ಎನ್ನುವುದು? ನಾನು ಧೈರ್ಯ ಮಾಡಿ "ಸಾಹೇಬರಿಗೆ..." ಎಂದು ಕೂಗಿ, ಅನ್ವರನಿಗೆ ಕೈಸನ್ನೆ ಮಾಡಿದೆ. ಹಾರ ಇಳಿಯಿತು.

ಹಾರ ಇಳಿದದ್ದು ನಿಜ. ಆಮೇಲೆ ಏಳಲಿಲ್ಲ. ಸಾಹೇಬರ ಬಿಳಿ ಅಂಗಿಗೆ ಅದು ಹನ್ನೆರಡು ವರ್ಷದ ಕಾರ್ಯಕರ್ತನಂತೆ ಅಂಟಿಕೊಂಡಿತು. ಬಿಡಿಸಲು ಹೋದ ನನ್ನ ಕೈ ಸಾಹೇಬರ ಎದೆಗೆ, ನನ್ನನ್ನು ಬಿಡಿಸಲು ಬಂದ ಪುಟ್ಟಸ್ವಾಮಿಯ ಕೈ ನನ್ನ ಬೆನ್ನಿಗೆ ಅಂಟಿದವು. ಈ ಸಂದರ್ಭ ಬಿಟ್ಟರೆ ಸಿಗದು ಎಂದು ನಾನು, "ಸಾಹೇಬ್ರೇ, ಆ ಸೇತುವೆ..." ಎಂದೆ. ಸಾಹೇಬರು ಎಂದಿನಂತೆ "ಮಾಡುವಾ" ಎನ್ನುವಷ್ಟರಲ್ಲಿ ಜೇನುಹುಳುಗಳು ಇಳಿದವು.

ಸಾಹೇಬರು ಜೀವನದಲ್ಲಿ ಅನೇಕ ಸಲ ಜಿಗಿದವರು. ಆದರೆ ಜೀಪಿನಿಂದ ಕಾರಿಗೆ ಅಂಗಿ ಬಿಟ್ಟು ಅಷ್ಟು ಚುರುಕಾಗಿ ಜಿಗಿದದ್ದನ್ನು ನಾನು ಕಂಡಿರಲಿಲ್ಲ. ಗಾಜು ಏರಿತು, ಕಾರು ಹೊರಟಿತು, ಮೆರವಣಿಗೆ ಮುಗಿಯಿತು. ನಾನೂ ಪುಟ್ಟಸ್ವಾಮಿಯೂ ಮೈಯೆಲ್ಲ ಬೆಲ್ಲವಾಗಿ ಓಡಿ ಅನ್ವರನ ಕ್ರೇನಿನ ಕ್ಯಾಬಿನ್ನಿಗೆ ನುಗ್ಗಿ ಬಾಗಿಲು ಹಾಕಿಕೊಂಡೆವು. ಒಬ್ಬರು ಕೂರುವ ಜಾಗದಲ್ಲಿ ಮೂವರು. ಪುಟ್ಟಸ್ವಾಮಿ ನನ್ನ ತೊಡೆಯ ಮೇಲೆ!

ಗಾಜಿನ ಹೊರಗೆ ಹುಳುಗಳು, ಒಳಗೆ ನಾವು. ನನ್ನ ಕಿವಿ ಊದುತ್ತಿತ್ತು, ಅವನ ತುಟಿ ಊದುತ್ತಿತ್ತು. ಪುಟ್ಟಸ್ವಾಮಿ ತುಟಿಯ ಮೇಲಿನ ಬೆಲ್ಲ ನೆಕ್ಕಿ ನೋಡಿದ.

"ಬೆಲ್ಲ ಚೆನ್ನಾಗ್ ಮಾಡ್ತೀಯ ಕಣ್ಲಾ."

ಹನ್ನೆರಡು ವರ್ಷ ಬೇಲಿಯಾಚೆ ಆಲೆಮನೆ ಹೊಗೆ ಕುಡಿದವನು ಒಂದು ಉಂಡೆ ಬೆಲ್ಲ ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ನಾಚಿಕೆಯಾಯಿತು.

"ಪುಟ್ಟಸಾಮಿ, ಸಾವಿತ್ರಿ ಹೋದ್ ವರ್ಸ ನೀರಿಗ್ ಬಿದ್ಬುಟ್ಳು."

"ಗೊತ್ತು. ಅವತ್ತು ಓಡಿ ಬಂದೆ. ಅಷ್ಟೊತ್ಗೆ ನೀನು ಎಳ್ಕಂಡಿದ್ದೆ. ಅವತ್ತೇ ಮೂರಡಿ ಕೊಟ್ಬುಡುವಾ ಅನ್ನಿಸ್ತು."

"ಮತ್ತೆ ಯಾಕ್ ಕೊಡ್ನಿಲ್ಲ?"

"ನೀನು ಕೇಳ್ನೇ ಇಲ್ವಲ್ಲೋ. ಎಮ್ಮೆಗೇಳ್ತಿದ್ದೆ, ಸಾಹೇಬ್ರಿಗೇಳ್ತಿದ್ದೆ. ನಂಗ್ಯಾವತ್ತು ಕೇಳ್ದೆ?"

ಅನ್ವರ್ ಗೇರು ಹಾಕಿದ. "ದೇಖೋ ಭಾಯ್, ಕ್ರೇನು ಸಂಜೆ ತಂಕ ನಿಮ್ದು. ಹಾರ ಅಂತೂ ಹೋಯ್ತು. ಬೇರೆ ಏನಾದ್ರೂ ಎತ್ತೋದಿದ್ರೆ ಹೇಳಿ."

ಏನು ಎತ್ತಬೇಕು ಎಂದು ಯಾರೂ ಹೇಳಬೇಕಾಗಲಿಲ್ಲ. ಕ್ರೇನು ಊರಿನ ಕಡೆ ತಿರುಗಿತು. ಸಾವಿತ್ರಿ ಚಪ್ಪಡಿಗಳ ಮೇಲಿನ ಮೆಣಸಿನಕಾಯಿ ಬಾಚಿದಳು, ಪುಟ್ಟಸ್ವಾಮಿ ಆಚೆ ದಡದಲ್ಲಿ ಮೂರಡಿಯ ಜಾಗಕ್ಕೆ ಐದಡಿ ಅಗೆಸಿದ. ನಾಲ್ಕು ಕಲ್ಲು ಕೂರಲು ಅರ್ಧ ಗಂಟೆ ಹಿಡಿಯಿತು. ಹನ್ನೆರಡು ವರ್ಷದ ರಾಜಕೀಯ, ಅರ್ಧ ಗಂಟೆಯ ಕೆಲಸ!

ಸಾವಿತ್ರಿ ಸೇತುವೆಯ ನಡುವೆ ನಿಂತು, ಒಂದು ಸಲ ನೀರು ನೋಡಿ, ಒಂದು ಸಲ ನನ್ನ ಊದಿದ ಕಿವಿ ನೋಡಿದಳು. "ಇದಕ್ಕೆ ಸಾಹೇಬ್ರು ಯಾಕ್ ಬೇಕಾಗಿತ್ತು?" ಎಂದಳು. ನಾನು ಕಿವಿ ಕೇಳಿಸದವನಂತೆ ನಿಂತೆ. ಇನ್ನು ಯಾವ ನಾಯಕನ ಮುಂದೆಯೂ ನಿಲ್ಲುವುದಿಲ್ಲ ಎಂದು ಪುಟ್ಟಸ್ವಾಮಿಯ ಮುಂದೆ, ಕರಿಯನ ಸಾಕ್ಷಿಯಾಗಿ ಶಪಥ ಮಾಡಿದೆ.

ಐದನೆಯ ದಿನ ಸಾಹೇಬರು ಸೇತುವೆ ಉದ್ಘಾಟಿಸಲು ಬಂದರು.

ಯಾರು ಕರೆದರೋ ತಿಳಿಯದು. ಸೇತುವೆಗೆ ಅಡ್ಡಲಾಗಿ ಟೇಪು ಕಟ್ಟಿತ್ತು, ಮೈಕು ಬಂದಿತ್ತು. ಸಾಹೇಬರ ಹೆಗಲ ಮೇಲೆ ಶಾಲಿತ್ತು. ಅದು ನನ್ನ ಹಳೆಯ ಪಕ್ಷದ್ದಲ್ಲ, ಪುಟ್ಟಸ್ವಾಮಿಯದೂ ಅಲ್ಲ, ಮೂರನೆಯ ಬಣ್ಣ. "ಈ ಸೇತುವೆಗಾಗಿ ಹನ್ನೆರಡು ವರ್ಷ ಹೋರಾಡಿದ್ದೇನೆ. ಈ ಪಕ್ಷ ನನ್ನ ಹೆತ್ತ ತಾಯಿ," ಎಂದು ಕಣ್ಣೊರೆಸಿಕೊಂಡರು.

"ಎಷ್ಟ್ ಜನ ಹೆತ್ತವ್ರೋ ಇವ್ರನ್ನ," ಎಂದು ಹಿಂದಿನಿಂದ ಸಾವಿತ್ರಿಯ ದನಿ ಕೇಳಿಸಿತು.

ಪುಟ್ಟಸ್ವಾಮಿ ಆಚೆ ದಡದಲ್ಲಿ ಎತ್ತಿನ ಕಿವಿಗೆ ಬಾಗಿ ಹೇಳಿದ, "ಕರಿಯ, ಮುಂದ್ಗಡೆ ಕತ್ರಿ ತಟ್ಟೆ ಹಿಡ್ಕಂಡಿರೋನು ಯಾರು ನೋಡ್ಲಾ."

ನಾನೇ. ಹೇಗೆ ಹೋಗಿ ಅಲ್ಲಿ ನಿಂತೆನೋ ದೇವರಾಣೆಗೂ ಗೊತ್ತಿಲ್ಲ. ಮೈಕಿನ ಸದ್ದು ಕೇಳಿದರೆ ಕಾಲು ತಾನಾಗಿ ನಡೆಯುತ್ತದೆ. ಸಾಹೇಬರು ಕತ್ತರಿಗೆ ಕೈ ಚಾಚಿದಾಗ ಸಾವಿತ್ರಿ ಬುಟ್ಟಿ ಹೊತ್ತು ಬಂದಳು.

"ಒಸಿ ಜರುಗಿ ಸಾಮಿ, ಮುದ್ದೆ ಆರೋಯ್ತದೆ," ಎಂದವಳೇ ಒಂದು ಕೈಯಲ್ಲಿ ಟೇಪು ಎತ್ತಿ, ಬಗ್ಗಿ, ಸೇತುವೆ ದಾಟಿ ಹೋದಳು. ಆಲೆಮನೆಯ ನೆರಳಲ್ಲಿ ಪುಟ್ಟಸ್ವಾಮಿಗೂ, ಊಟಕ್ಕೆಂದೇ ಬಂದಿದ್ದ ಅನ್ವರನಿಗೂ ಎಲೆ ಹಾಕಿದಳು.

ನಾನು ತಟ್ಟೆ ಹಿಡಿದೇ ಈಚೆ ದಡದಿಂದ ಕೂಗಿದೆ.

"ನಂಗೆ ಮುದ್ದೆ?"

"ನಿಮ್ಮ ಸಾಹೇಬ್ರನ್ನ ಕೇಳು," ಎಂದಳು.

ಕೇಳಿದೆ. "ಮಾಡುವಾ ನಿಂಗರಾಜು," ಎಂದರು ಸಾಹೇಬರು.